ಸೋಮವಾರವೇ ಹೊರಡಬೇಕು: ವೈರಸ್ ಮಾದರಿಗಳೊಂದಿಗೆ ಓಡಾಟ

ಹಳ್ಳಿಗೆ ಮಾದರಿ ತೆಗೆಯಲು ಹೋಗುವುದಿದ್ದರೆ ಸೋಮವಾರ ಹೋಗಬೇಕು, ತಪ್ಪಿದರೆ ಮಂಗಳವಾರ. ಮಳವಳ್ಳಿ ಕಡೆ ಗುರುವಾರ ತೆಗೆದ ರಕ್ತ ಶುಕ್ರವಾರ ಸಂಜೆ ಕೊರಿಯರ್‌ನವರ ಕೈ ಸೇರುತ್ತದೆ. ಶನಿವಾರ ವಿಮಾನ ನಿಲ್ದಾಣದ ಗೋದಾಮಿನಲ್ಲಿ ಕೂರುತ್ತದೆ. ಭಾನುವಾರ ಆ ಕಡೆಯ ಲ್ಯಾಬಿನಲ್ಲಿ ಪೆಟ್ಟಿಗೆ ಇಳಿಸಿಕೊಳ್ಳುವವರಿಲ್ಲ. ಸೋಮವಾರ ಮುಚ್ಚಳ ತೆಗೆದರೆ ಡ್ರೈ ಐಸ್ ಪೂರ್ತಿ ಆವಿಯಾಗಿ ಟ್ಯೂಬುಗಳು ಬೆಚ್ಚಗಾಗಿರುತ್ತವೆ. ಆ ಟ್ಯೂಬನ್ನೂ ಪಿಸಿಆರ್‌ಗೆ, ಅಂದರೆ ವೈರಸ್ಸಿನ ಆರ್‌ಎನ್‌ಎ ಹುಡುಕುವ ಪರೀಕ್ಷೆಗೆ, ಹಾಕಬಹುದು, ಫಲಿತಾಂಶವೂ ಬರುತ್ತದೆ: ನೆಗೆಟಿವ್. ಈ ಕೆಲಸದ ದೊಡ್ಡ ಅಪಾಯ ಇದೇ. ಹಾಲು ಕೆಟ್ಟರೆ ಒಡೆಯುತ್ತದೆ, ವಾಸನೆ ಬರುತ್ತದೆ. ಸೀರಮ್‌ನಲ್ಲಿದ್ದ (ರಕ್ತದಿಂದ ಬೇರ್ಪಡಿಸಿದ ತಿಳಿದ್ರವ) ವೈರಸ್ಸಿನ ಆರ್‌ಎನ್‌ಎ, ಅಂದರೆ ಅದರ ವಂಶವಾಹಿ, ಹಾಳಾದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ರೋಗ ಇದ್ದ ಊರು ರೋಗವಿಲ್ಲದ ಊರೆಂದು ವರದಿಯಾಗುತ್ತದೆ.

ಹಾಗಾಗಿ ನಾನು ಪ್ರಯಾಣದ ಪಟ್ಟಿಯನ್ನು ಕೊನೆಯಿಂದ ಮೊದಲಿಗೆ ಬರೆಯುತ್ತೇನೆ. ಮೊದಲ ಸಾಲಿನಲ್ಲಿ ಮಾದರಿ ಕೊನೆಗೆ ಸೇರುವ ಮೈನಸ್ 80 ಡಿಗ್ರಿ ಫ್ರೀಜರ್: ಯಾವ ಅರೆ, ಯಾವ ಡಬ್ಬಿ, ಬೀಗದ ಕೈ ಯಾರ ಹತ್ತಿರ. ಎರಡನೆಯದು ಅಲ್ಲಿ ಪೆಟ್ಟಿಗೆ ಇಳಿಸಿಕೊಳ್ಳುವವರ ಹೆಸರು, ಅವರ ರಜೆ. ಮೂರನೆಯದು ವಿಮಾನ, ನಾಲ್ಕನೆಯದು ಡ್ರೈ ಐಸ್ ಬರುವ ಹೊತ್ತು. ನಮ್ಮ ಜೀಪು, ನಮ್ಮ ಊಟ, ವಸತಿ ಎಲ್ಲ ಕೊನೆಯ ಸಾಲಿಗೆ. ದಸರಾ ವಾರ ನಾನು ಮೈಸೂರಿನಿಂದ ಏನನ್ನೂ ಕಳಿಸುವುದಿಲ್ಲ. ಆಯುಧಪೂಜೆ, ವಿಜಯದಶಮಿ ಎರಡು ದಿನವೂ ಸಾಗಣೆ ನಿಂತಿರುತ್ತದೆ, ಊರೊಳಗಿನ ರಸ್ತೆಯೂ ಕಟ್ಟಿರುತ್ತದೆ. ಹೊರದೇಶದ ಲ್ಯಾಬಿಗೆ ಕಳಿಸುವುದಾದರೆ ಅವರ ಹಬ್ಬದ ಪಟ್ಟಿಯನ್ನೂ ಪಕ್ಕದಲ್ಲಿಟ್ಟುಕೊಂಡೇ ದಿನ ಗೊತ್ತುಮಾಡಬೇಕು.

ನಾಲೆಗೆ ನೀರು ಬಿಟ್ಟ ದಿನದಿಂದ ಎಣಿಕೆ

ಮೆದುಳು ಜ್ವರ, ಅಂದರೆ ಜಪಾನೀಸ್ ಎನ್ಸೆಫಲೈಟಿಸ್ (ಜೆಇ) ಹರಡುವ ಸೊಳ್ಳೆಗಳನ್ನು ಹುಡುಕಿಕೊಂಡು ಹೊರಗಿನ ತಂಡಗಳು ಮಂಡ್ಯ ಜಿಲ್ಲೆಗೆ ಹಿಂದಿನಿಂದಲೂ ಬಂದಿವೆ. ಇಲ್ಲಿನ ಸೊಳ್ಳೆಗಳ ಬಗ್ಗೆ ಸಂಶೋಧಕರ ಅಧ್ಯಯನವೊಂದು 1994ರಲ್ಲಿ ಪ್ರಕಟವಾಗಿದೆ. ಅವರನ್ನು ಕರೆತಂದದ್ದು ಕನ್ನಂಬಾಡಿ ಕಟ್ಟೆಯ ನೀರು. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟ ಮೇಲೆ ಗದ್ದೆಗಳು ತುಂಬುತ್ತವೆ, ನಾಟಿ ಆಗುತ್ತದೆ, ಪೈರಿನ ನಡುವೆ ಬಿಸಿಲು ಬೀಳುವ ತೆಳು ನೀರು ನಿಲ್ಲುತ್ತದೆ. ಕ್ಯೂಲೆಕ್ಸ್ ಟ್ರೈಟೀನಿಯೋರಿಂಕಸ್ ಮತ್ತು ಕ್ಯೂಲೆಕ್ಸ್ ವಿಷ್ಣುಯ್ ಗುಂಪಿನ ಸೊಳ್ಳೆಗಳು ಮೊಟ್ಟೆ ಇಡುವುದು ಅಂಥ ನೀರಿನಲ್ಲಿ. ನಾಟಿಯಾದ ಮೊದಲ ಕೆಲವು ವಾರ ಮರಿಹುಳು ಹೆಚ್ಚು. ಪೈರು ಬಲಿತು ನೆರಳು ಕವಿದಂತೆ ಕಡಿಮೆಯಾಗುತ್ತದೆ. ಆದ್ದರಿಂದ ಕ್ಯಾಲೆಂಡರ್ ನೋಡಿ ಆಗಸ್ಟ್ 15ಕ್ಕೆ ಬರುತ್ತೇವೆ ಎನ್ನುವವರಿಗೆ ನನ್ನ ಮೊದಲ ಪ್ರಶ್ನೆ: ನಾಲೆಗೆ ನೀರು ಯಾವಾಗ ಬಿಟ್ಟರು? ನೀರು ತಡವಾದ ವರ್ಷ ಸೊಳ್ಳೆಯೂ ತಡ. ನಾಲೆಯ ತುದಿಯ ಹಳ್ಳಿಗೆ ನೀರು ಹೋಗುವುದು ಇನ್ನೂ ತಡ, ಅಲ್ಲಿಗೆ ಬೇರೆಯೇ ದಿನ ಗೊತ್ತುಮಾಡಬೇಕು.

ನಾಟಿ ದಿನ ಕೇಳಿದರೆ ರೈತರು ತಾರೀಖು ಹೇಳುವುದಿಲ್ಲ, ಮಳೆ ಹೇಳುತ್ತಾರೆ. ‘ಆಶ್ಲೇಷದಲ್ಲಿ ನೆಟ್ಟಿದ್ದು’ ಎಂದರೆ ಆಗಸ್ಟ್ ಮೊದಲ ಎರಡು ವಾರ, ‘ಮಖೆಯಲ್ಲಿ’ ಎಂದರೆ ಅದರ ಮುಂದಿನ ಎರಡು ವಾರ. ಹೊರದೇಶದ ಜೊತೆಗಾರರಿಗೆ ಮಳೆನಕ್ಷತ್ರಗಳ ಪಟ್ಟಿಯನ್ನು ತಾರೀಖಿನ ಜೊತೆ ಒಂದು ಪುಟದಲ್ಲಿ ಬರೆದುಕೊಟ್ಟರೆ ಅವರ ನಮೂನೆಗಳಲ್ಲಿನ ಅರ್ಧ ತಪ್ಪು ನಿಲ್ಲುತ್ತದೆ.

ಹಳ್ಳಿ ಆರಿಸುವಾಗ ನಾನು ಮೂರು ಸಂಗತಿ ನೋಡುತ್ತೇನೆ: ಗದ್ದೆಗೂ ಮನೆಗೂ ಇರುವ ದೂರ, ಹಂದಿ ಸಾಕಣೆ ಇದೆಯೇ, ಗದ್ದೆಯಲ್ಲಿ ಬೆಳ್ಳಕ್ಕಿ, ಬಕಗಳು ಎಷ್ಟು ಇಳಿಯುತ್ತವೆ. ವೈರಸ್ ಹೆಚ್ಚುವುದು ಹಂದಿಯಲ್ಲಿ ಮತ್ತು ಇಂಥ ಹಕ್ಕಿಗಳಲ್ಲಿ. ದನ, ಎಮ್ಮೆಗಳನ್ನು ಈ ಸೊಳ್ಳೆ ಇಷ್ಟಪಟ್ಟು ಕಚ್ಚುತ್ತದೆ, ಆದರೆ ಅವುಗಳ ರಕ್ತದಲ್ಲಿ ಇನ್ನೊಂದು ಸೊಳ್ಳೆಗೆ ಅಂಟುವಷ್ಟು ವೈರಸ್ ಬೆಳೆಯುವುದಿಲ್ಲ. ಮನುಷ್ಯರಲ್ಲೂ ಹಾಗೆಯೇ. ಅಂದರೆ ಕೊಟ್ಟಿಗೆ ಸೊಳ್ಳೆ ಸಿಗುವ ಜಾಗ, ವೈರಸ್ ಹುಟ್ಟುವ ಜಾಗವಲ್ಲ. ಕೊಟ್ಟಿಗೆಯಲ್ಲಿ ಸೊಳ್ಳೆ ಹೆಚ್ಚು ಸಿಕ್ಕಿತೆಂದು ದನ ಸಾಕಿದವರನ್ನು ದೂರುವ ವರದಿ ತಪ್ಪು. ನಷ್ಟ ಅನುಭವಿಸುವುದು ಒಂದೇ ಹಸು ಇಟ್ಟುಕೊಂಡಿರುವ ಮನೆ.

ಮುಸ್ಸಂಜೆಯ ಕೊಟ್ಟಿಗೆ

ಹೊತ್ತು ಮುಳುಗಿದ ಮೇಲಿನ ಒಂದು ಗಂಟೆಯೇ ಹಿಡಿಯುವ ಹೊತ್ತು. ಅದೇ ಹೊತ್ತಿಗೆ ಡೇರಿಗೆ ಹಾಲು ಹಾಕುವ ಕೆಲಸವೂ ಇರುತ್ತದೆ, ಹಾಗಾಗಿ ಮನೆಯವರಿಗೆ ಹಿಂದಿನ ದಿನವೇ ಹೇಳಿ, ಹಾಲು ಕರೆದು ಮುಗಿಯುವ ತನಕ ಹೊರಗೆ ನಿಲ್ಲಬೇಕು. ಟಾರ್ಚ್ ಬೆಳಕು ಬಿದ್ದರೆ ಹಸು ಒದೆಯುತ್ತದೆ, ಹಾಲೂ ಬಿಗಿಹಿಡಿಯುತ್ತದೆ. ಇಬ್ಬರು ಸಾಕು. ಒಬ್ಬೊಬ್ಬರಿಗೆ ಒಂದು ಆಸ್ಪಿರೇಟರ್ (ಸೊಳ್ಳೆ ಹೀರಿ ಹಿಡಿಯುವ ನಳಿಗೆ), ಒಂದು ಟಾರ್ಚ್, ಬಾಯಿಗೆ ಜಾಲರಿ ಬಟ್ಟೆ ಕಟ್ಟಿದ ಐದಾರು ಕಾಗದದ ಲೋಟ. ಬಾಯಲ್ಲಿ ಎಳೆಯುವ ಆಸ್ಪಿರೇಟರ್ ಆದರೆ ಒಳಗೆ ಸೂಕ್ಷ್ಮ ಫಿಲ್ಟರ್ ಇರಲೇಬೇಕು; ಇಲ್ಲದಿದ್ದರೆ ರೆಕ್ಕೆಯ ಪುಡಿ, ಕೊಟ್ಟಿಗೆಯ ದೂಳು ನೇರ ಶ್ವಾಸಕೋಶಕ್ಕೆ. ಬ್ಯಾಟರಿಯದ್ದು ಒಳ್ಳೆಯದು. ಗೋಡೆ, ಹುಲ್ಲಿನ ಮೆದೆ, ದನದ ಹೊಟ್ಟೆಯ ಕೆಳಭಾಗ, ಈ ಕ್ರಮದಲ್ಲಿ ಹಿಡಿಯುತ್ತೇವೆ.

ಲೆಕ್ಕ ಇಡುವುದು ಒಬ್ಬ ಮನುಷ್ಯ ಒಂದು ಗಂಟೆಗೆ ಎಷ್ಟು ಹಿಡಿದ ಎಂದು. ಇಬ್ಬರು ಅರ್ಧ ಗಂಟೆ ಹಿಡಿದು 86 ಸೊಳ್ಳೆ ಬಂದರೆ ಲೆಕ್ಕ 86. ಒಬ್ಬನೇ 15 ನಿಮಿಷದಲ್ಲಿ 30 ಹಿಡಿದರೆ 120. ಈ ಎರಡನ್ನು ಹೋಲಿಸಬೇಕಾದರೆ ಹಿಡಿದ ಹೊತ್ತು, ಜಾಗ, ಕೈ ಎಲ್ಲ ಬರೆದಿರಬೇಕು. ಅನುಭವಿ ಕೈಗೂ ಹೊಸ ಕೈಗೂ ಎರಡರಷ್ಟು ವ್ಯತ್ಯಾಸ ಬರುತ್ತದೆ. ಹಾಗಾಗಿ ಒಂದು ಋತು ಪೂರ್ತಿ ಅದೇ ಇಬ್ಬರೇ ಹಿಡಿಯುವಂತೆ ನೋಡಿಕೊಳ್ಳುತ್ತೇನೆ.

ಹಿಡಿದ ಲೋಟಗಳ ಮೇಲೆ ಒದ್ದೆ ಟವೆಲ್ ಮುಚ್ಚಿ, ಸಕ್ಕರೆ ನೀರಲ್ಲಿ ಅದ್ದಿದ ಹತ್ತಿ ಇಡಬೇಕು. ರಾತ್ರಿ ಇಡುವ ಮೇಜಿನ ನಾಲ್ಕೂ ಕಾಲಿಗೆ ನೀರು ತುಂಬಿದ ಬಟ್ಟಲು. ಇದನ್ನು ಮರೆತರೆ ಬೆಳಗಾಗುವಷ್ಟರಲ್ಲಿ ಇರುವೆಗಳು ಸೊಳ್ಳೆಗಳನ್ನೆಲ್ಲ ಹೊತ್ತೊಯ್ದು ರೆಕ್ಕೆಗಳನ್ನಷ್ಟೇ ಬಿಟ್ಟಿರುತ್ತವೆ. ಬೆಳಗ್ಗೆ ತಣ್ಣನೆಯ ತಟ್ಟೆಯ ಮೇಲೆ ಮಲಗಿಸಿ ಜಾತಿ ಗುರುತಿಸುವುದು. ಟ್ರೈಟೀನಿಯೋರಿಂಕಸ್‌ನ ಸೊಂಡಿಲಿನ ನಡುವೆ ಬಿಳಿ ಪಟ್ಟಿ ಕಾಣುತ್ತದೆ. ಒಂದು ತಟ್ಟೆಗೆ 20 ನಿಮಿಷಕ್ಕಿಂತ ಹೆಚ್ಚು ಕೊಡಬಾರದು, ಮಂಜಿನ ನೀರು ಕೂತು ಹುರುಪೆ ಉದುರಿದರೆ ಗುರುತು ಸಿಗುವುದಿಲ್ಲ. ಒಂದೇ ಜಾತಿಯ, ಒಂದೇ ಊರಿನ, ಒಂದೇ ದಿನದ ಹೆಣ್ಣು ಸೊಳ್ಳೆ 50 ಸೇರಿದರೆ ಒಂದು ಗುಂಪು, ಒಂದು ಟ್ಯೂಬು. ಹೊಟ್ಟೆಯಲ್ಲಿ ರಕ್ತ ಇರುವುದನ್ನು ಬೇರೆ ಇಡಬೇಕು. ಅದರಲ್ಲಿ ವೈರಸ್ ಸಿಕ್ಕರೆ ಸೊಳ್ಳೆಯದ್ದೋ ಅದು ಕುಡಿದ ರಕ್ತದ್ದೋ ಹೇಳಲಾಗದು. ಒಟ್ಟು 1,500 ಸೊಳ್ಳೆ, 30 ಗುಂಪು, ಅದರಲ್ಲಿ 2 ಪಾಸಿಟಿವ್ ಬಂದರೆ ಕನಿಷ್ಠ ಸೋಂಕಿನ ಪ್ರಮಾಣ ಸಾವಿರಕ್ಕೆ 1.33. ಗುಂಪಿನೊಳಗೆ ಒಂದೇ ಸೊಳ್ಳೆಗೆ ಸೋಂಕಿತ್ತು ಎಂದು ಹಿಡಿದ ಲೆಕ್ಕ ಇದು, ಆದ್ದರಿಂದಲೇ ‘ಕನಿಷ್ಠ’.

ಡೆಂಗಿ, ಚಿಕೂನ್‌ಗುನ್ಯಾದ ಈಡಿಸ್ ಸೊಳ್ಳೆಗೆ ಈ ಯಾವುದೂ ನಡೆಯುವುದಿಲ್ಲ. ಅದು ಹಗಲಿನದು, ಮನೆಯೊಳಗಿನದು. ನೀರಿನ ತೊಟ್ಟಿ, ಡ್ರಮ್ಮು, ಟೈರು, ತೆಂಗಿನ ಚಿಪ್ಪು ತಿರುವಿ ನೋಡುವ ಕೆಲಸ. ನೂರು ಮನೆಗೆ ಎಷ್ಟು ಪಾತ್ರೆಯಲ್ಲಿ ಮರಿಹುಳು ಎಂಬ ಬ್ರೆಟೋ ಸೂಚ್ಯಂಕವೇ ಇಲ್ಲಿ ಹೆಚ್ಚು ಕೆಲಸಕ್ಕೆ ಬರುವ ಅಂಕಿ. ನಾಲೆಯ ನೀರಿಲ್ಲದ, ನಲ್ಲಿ ನೀರು ವಾರಕ್ಕೊಮ್ಮೆ ಬರುವ ಬಡಾವಣೆಗಳಲ್ಲಿ ಜನ ಹೆಚ್ಚು ನೀರು ತುಂಬಿಡುತ್ತಾರೆ, ಅಲ್ಲೇ ಇದು ಏರುತ್ತದೆ.

ರಕ್ತ, ಹೆಸರು, ಚೀಟಿ

ಮನೆಗೆ ಹೋಗುವ ಹೊತ್ತು ಬೆಳಗ್ಗೆ 7ಕ್ಕೆ ಮುಂಚೆ ಅಥವಾ ಸಂಜೆ. ಆಮೇಲೆ ಊರೆಲ್ಲ ಗದ್ದೆಯಲ್ಲಿರುತ್ತದೆ. ಆಶಾ ಕಾರ್ಯಕರ್ತೆ ಜೊತೆಗಿಲ್ಲದೆ ಯಾವ ಮನೆಯ ಹೊಸ್ತಿಲನ್ನೂ ನಾವು ದಾಟುವುದಿಲ್ಲ. ಒಪ್ಪಿಗೆ ಕೇಳುವ ಮಾತು ಮನೆಮಾತಿನಲ್ಲೇ ಇರಬೇಕು: ‘ಅಮ್ಮಾ, ಒಂದು ಟೀ ಚಮಚದಷ್ಟು ರಕ್ತ ತಗೋತೀವಿ, ಜ್ವರ ಯಾವುದರಿಂದ ಬಂತು ಅಂತ ನೋಡೋಕೆ. ಬೇಡ ಅಂದ್ರೆ ಬೇಡ, ಆಸ್ಪತ್ರೇಲಿ ನಿಮಗೆ ಸಿಗೋ ಚಿಕಿತ್ಸೆ ಏನೂ ನಿಲ್ಲಲ್ಲ.’ ಆ ಟೀ ಚಮಚವೇ 5 ಎಂಎಲ್. ಒಪ್ಪಿಗೆ ಪತ್ರದಲ್ಲಿ ಮೂರು ಪ್ರಶ್ನೆಗೆ ಮೂರು ಬೇರೆ ಗುರುತು ಇರಬೇಕು: ಈಗಿನ ಪರೀಕ್ಷೆಗೆ, ಮುಂದಿನ ಸಂಶೋಧನೆಗೆ ಇಟ್ಟುಕೊಳ್ಳಲು, ಹೊರದೇಶಕ್ಕೆ ಕಳಿಸಲು. ಮೂರನ್ನೂ ಒಂದೇ ಹೆಬ್ಬೆಟ್ಟಿಗೆ ಸೇರಿಸಿದರೆ ಅದು ಒಪ್ಪಿಗೆಯಲ್ಲ. ಮೂರನೆಯದಕ್ಕೆ ಬೇಡ ಎಂದವರ ಟ್ಯೂಬಿಗೆ ಬೇರೆ ಬಣ್ಣದ ಮುಚ್ಚಳ ಹಾಕುತ್ತೇವೆ. ಆರು ತಿಂಗಳ ಮೇಲೆ ಫ್ರೀಜರ್ ತೆರೆಯುವವರಿಗೆ ಒಪ್ಪಿಗೆ ಪತ್ರ ಕಾಣುವುದಿಲ್ಲ, ಮುಚ್ಚಳವಂತೂ ಕಾಣುತ್ತದೆ.

ಜ್ವರ ಬಂದು ಎಷ್ಟನೇ ದಿನ ಎಂಬುದನ್ನು ಹೆಸರಿಗಿಂತ ಎಚ್ಚರದಿಂದ ಬರೆಯಬೇಕು. ಡೆಂಗಿಯಲ್ಲಿ ಮೊದಲ 5 ದಿನ ಎನ್‌ಎಸ್1 (ವೈರಸ್ಸಿನದೇ ಪ್ರೋಟೀನು ಹುಡುಕುವ ಪರೀಕ್ಷೆ) ಅಥವಾ ಪಿಸಿಆರ್, ಅದರ ನಂತರ ಐಜಿಎಂ (ಸೋಂಕಿಗೆ ಮೈ ಮೊದಲು ಕಟ್ಟುವ ಪ್ರತಿಕಾಯದ ಪರೀಕ್ಷೆ). ಎರಡನೇ ದಿನದ ರಕ್ತಕ್ಕೆ ಐಜಿಎಂ ಮಾತ್ರ ಮಾಡಿ ಡೆಂಗಿ ಇಲ್ಲ ಎನ್ನುವುದು ನಾನು ಅತಿ ಹೆಚ್ಚು ಕಾಣುವ ತಪ್ಪು. ಮೆದುಳು ಜ್ವರದಲ್ಲಿ ಬೆನ್ನುಹುರಿಯ ದ್ರವವೇ ಒಳ್ಳೆಯ ಮಾದರಿ, ಅದನ್ನು ಆಸ್ಪತ್ರೆಯಲ್ಲಿ ವೈದ್ಯರೇ ತೆಗೆಯಬೇಕು. ಸೀರಮ್ ಮಾತ್ರ ಇದ್ದು ಮೊದಲ ದಿನಗಳದ್ದು ನೆಗೆಟಿವ್ ಬಂದರೆ, ಹತ್ತು ದಿನದ ನಂತರ ಇನ್ನೊಂದು ಬೇಕು. ಮಗುವಿಗೆ ಇತ್ತೀಚೆಗೆ ಜೆಇ ಲಸಿಕೆ ಆಗಿದ್ದರೆ ಸೀರಮ್‌ನ ಐಜಿಎಂ ಲಸಿಕೆಯದ್ದೂ ಆಗಿರಬಹುದು, ತಾಯಿ ಕಾರ್ಡನ್ನು ಕೈಯಲ್ಲಿ ಹಿಡಿದು ನೋಡಿ. ಡೆಂಗಿ, ಜೆಇ, ವೆಸ್ಟ್ ನೈಲ್, ಮಂಗನ ಕಾಯಿಲೆ ಎಲ್ಲವೂ ಒಂದೇ ಕುಲದ ವೈರಸ್. ಒಂದರ ಪ್ರತಿಕಾಯ ಇನ್ನೊಂದರ ಕಿಟ್‌ನಲ್ಲಿ ಬಣ್ಣ ಕೊಡುತ್ತದೆ. ಆದ್ದರಿಂದ ಜೆಇ ಮಾಡುವ ಪ್ರತಿ ಮಾದರಿಗೂ ಪಕ್ಕದಲ್ಲೇ ಡೆಂಗಿ ಐಜಿಎಂ ಕೂಡ ಮಾಡುತ್ತೇವೆ.

ಕೆಂಪು ಮುಚ್ಚಳದ ಟ್ಯೂಬಿನಲ್ಲಿ ರಕ್ತ ತೆಗೆದು, ಅಲುಗಾಡಿಸದೆ ನೆರಳಲ್ಲಿ ಅರ್ಧ ಗಂಟೆ ನೇರ ನಿಲ್ಲಿಸಬೇಕು. ಆಮೇಲೆ ಸೆಂಟ್ರಿಫ್ಯೂಜ್, 10 ನಿಮಿಷ. ಎಷ್ಟು ಸುತ್ತು ಎಂಬುದು ಯಂತ್ರದಿಂದ ಯಂತ್ರಕ್ಕೆ ಬೇರೆ. ತ್ರಿಜ್ಯ 10 ಸೆಂಟಿಮೀಟರ್ ಇದ್ದರೆ ನಿಮಿಷಕ್ಕೆ 3,000 ಸುತ್ತಿಗೆ ಸುಮಾರು 1,000 ಜಿ, ಅಂದರೆ ಭೂಮಿಯ ಸೆಳೆತದ ಸಾವಿರ ಪಟ್ಟು. ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ಪುಟ್ಟ ಯಂತ್ರಕ್ಕೆ ತ್ರಿಜ್ಯ ಕಡಿಮೆ, ಅಷ್ಟೇ ಸುತ್ತಿಗೆ ಸೀರಮ್ ಸರಿಯಾಗಿ ಬೇರೆಯಾಗುವುದಿಲ್ಲ. ಬೇರ್ಪಡಿಸದ ರಕ್ತವನ್ನು ಗಟ್ಟಿ ಐಸ್ ಪ್ಯಾಕಿಗೆ ತಾಗಿಸಿಟ್ಟರೆ ಕೆಂಪುಕಣ ಒಡೆದು ಸೀರಮ್ ಕೆಂಪಾಗುತ್ತದೆ. ಐಸ್ ಪ್ಯಾಕನ್ನು ಹೊರಗಿಟ್ಟು, ಅಲ್ಲಾಡಿಸಿದಾಗ ಒಳಗೆ ನೀರಿನ ಸದ್ದು ಬಂದ ಮೇಲೇ ಲಸಿಕೆ ಪೆಟ್ಟಿಗೆಗೆ ಹಾಕಬೇಕು. ಪಿಸಿಆರ್ ಮಾಡುವುದಿದ್ದರೆ ಹೆಪಾರಿನ್ ಇರುವ ಹಸಿರು ಮುಚ್ಚಳದ ಟ್ಯೂಬು ಬೇಡ, ಅದು ಕಿಣ್ವವನ್ನು ತಡೆಯುತ್ತದೆ. 5 ಎಂಎಲ್ ರಕ್ತದಿಂದ ಹೆಚ್ಚೆಂದರೆ 2 ಎಂಎಲ್ ಸೀರಮ್. ಅದನ್ನು ಅರ್ಧರ್ಧ ಎಂಎಲ್‌ನಂತೆ ಮೂರು ಟ್ಯೂಬಿಗೆ ಹಾಕಿ: ಒಂದು ಪರೀಕ್ಷೆಗೆ, ಒಂದು ಕಳಿಸಲು, ಒಂದು ಇಲ್ಲೇ ಉಳಿಯಲು. ಒಂದೇ ಟ್ಯೂಬನ್ನು ಮೂರು ಸಲ ಕರಗಿಸಿ ಹೆಪ್ಪುಗಟ್ಟಿಸಿದರೆ ವೈರಸ್ ಸಲಕ್ಕೊಮ್ಮೆ ಕಡಿಮೆಯಾಗುತ್ತ ಹೋಗುತ್ತದೆ.

ಚೀಟಿಯ ವಿಷಯ ಚಿಕ್ಕದೆಂದು ಬಿಡುವವರೇ ಹೆಚ್ಚು, ನಾನು ಮಾತ್ರ ಇದಕ್ಕೆ ಅರ್ಧ ದಿನದ ತರಬೇತಿ ಇಡುತ್ತೇನೆ. ಒಂದೇ ಬೀದಿಯಲ್ಲಿ ಮೂವರು ಲಕ್ಷ್ಮಮ್ಮ ಇರುತ್ತಾರೆ. ಗಂಡನ ಅಥವಾ ತಂದೆಯ ಹೆಸರು, ವಯಸ್ಸು, ಮನೆ ನಂಬರು ಮೂರೂ ಬೇಕು. ಟ್ಯೂಬಿನ ಮೇಲೆ ಹೆಸರು ಬೇಡ, ಊರಿನ ಸಂಕೇತ ಮತ್ತು ಕ್ರಮಸಂಖ್ಯೆ ಮಾತ್ರ. ಅದನ್ನೂ ಮುಚ್ಚಳದ ಮೇಲಲ್ಲ, ಮೈ ಮೇಲೆ ಬರೆಯಬೇಕು, ಮುಚ್ಚಳ ಅದಲುಬದಲಾಗುತ್ತದೆ. ಜೆಲ್ ಪೆನ್ನಿನ ಶಾಯಿ ಸ್ಪಿರಿಟ್ ತಾಗಿದರೆ ಅಳಿಸಿಹೋಗುತ್ತದೆ, ಪೆನ್ಸಿಲ್ ಉಳಿಯುತ್ತದೆ. ಕೆಲವರು ನೋಂದಣಿ ಪುಸ್ತಕದಲ್ಲಿ ಕನ್ನಡ ಅಂಕಿ ಬರೆಯುತ್ತಾರೆ. ಅವಸರದ ಕೈಯಲ್ಲಿ ೬ ಮತ್ತು ೯ ಒಂದೇ ಥರ ಕಾಣುತ್ತವೆ. ಕಂಪ್ಯೂಟರಿಗೆ ಏರಿಸುವಾಗ ಬರೆದವರನ್ನೇ ಪಕ್ಕ ಕೂರಿಸಿಕೊಳ್ಳಿ. ತಾರೀಖಿನಲ್ಲಿ ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. 05-08 ಎಂಬುದು ನಮಗೆ ಆಗಸ್ಟ್ 5, ಅಮೆರಿಕದ ಲ್ಯಾಬಿಗೆ ಮೇ 8. ಆಗ ಜ್ವರದ ಎಷ್ಟನೇ ದಿನ ಎಂಬ ಲೆಕ್ಕವೇ ಬುಡಮೇಲಾಗುತ್ತದೆ.

ಪಿಎಚ್‌ಸಿಯ ಫ್ರಿಜ್ಜಿನಲ್ಲಿ ಒಂದು ರಾತ್ರಿ ಇಡಬೇಕಾಗಿ ಬಂದರೆ ಪ್ಲಗ್ಗಿನ ಮೇಲೆ ಟೇಪು ಸುತ್ತಿ ‘ತೆಗೆಯಬೇಡಿ’ ಎಂದು ಬರೆದು ಅಂಟಿಸುತ್ತೇನೆ, ಮೊಬೈಲ್ ಚಾರ್ಜಿಗೆಂದು ಯಾರೋ ಕಿತ್ತಿಟ್ಟಿರುತ್ತಾರೆ. ಹತ್ತು ನಿಮಿಷಕ್ಕೊಮ್ಮೆ ಶಾಖ ಬರೆದುಕೊಳ್ಳುವ ಡೇಟಾ ಲಾಗರ್ ಟ್ಯೂಬುಗಳ ನಡುವೆ ಇರಲಿ, ಐಸಿಗೆ ತಾಗದಿರಲಿ. ಬೆಳಗ್ಗೆ 4 ಡಿಗ್ರಿ ಕಂಡಿತೆಂದರೆ ರಾತ್ರಿಯೆಲ್ಲ 4 ಡಿಗ್ರಿ ಇತ್ತು ಎಂದಲ್ಲ.

ಪೆಟ್ಟಿಗೆ

ಸೋಂಕಿನ ಮಾದರಿಯನ್ನು ವಿಮಾನದಲ್ಲಿ ಕೈಚೀಲದಲ್ಲೂ ಲಗೇಜಿನಲ್ಲೂ ಒಯ್ಯುವಂತಿಲ್ಲ. ‘ಎರಡೇ ಟ್ಯೂಬು, ಜೇಬಲ್ಲಿ ಹೋಗುತ್ತೆ’ ಎನ್ನುವ ಹಿರಿಯರನ್ನೂ ನಾನು ತಡೆದು ನಿಲ್ಲಿಸುತ್ತೇನೆ. ಅದು ಸರಕಾಗಿಯೇ, ಗುರುತು ಹಾಕಿಕೊಂಡೇ ಹೋಗಬೇಕು.

ಮೊದಲು ತೀರ್ಮಾನವಾಗಬೇಕಾದ್ದು ಮಾದರಿ ‘ಎ’ ವರ್ಗವೋ ‘ಬಿ’ ವರ್ಗವೋ ಎಂಬುದು; ತಗುಲಿದರೆ ಪ್ರಾಣಕ್ಕೆ ಅಪಾಯ ತರುವಂಥದ್ದು ‘ಎ’, ಉಳಿದ ಸೋಂಕಿನ ಮಾದರಿ ‘ಬಿ’. ಡೆಂಗಿ ರೋಗಿಯ ಸೀರಮ್ ‘ಬಿ’, ಪೆಟ್ಟಿಗೆಯ ಮೇಲೆ ಹಾಕುವ ಸರಕಿನ ಸಂಖ್ಯೆ ಯುಎನ್ 3373. ಅದೇ ಡೆಂಗಿ ವೈರಸ್ಸನ್ನು ಲ್ಯಾಬಿನಲ್ಲಿ ಬೆಳೆಸಿದ ಕಲ್ಚರ್ ‘ಎ’, ಯುಎನ್ 2814. ಜೆಇಗೂ ಇದೇ ನಿಯಮ. ಮಂಗನ ಕಾಯಿಲೆಯ ವೈರಸ್ ಅಥವಾ ನಿಪಾ ವೈರಸ್ ಇದೆ ಎಂಬ ಶಂಕೆ ಇದ್ದರೆ ರೋಗಿಯ ರಕ್ತವೇ ‘ಎ’. ಇದನ್ನು ಅರಿಯದೆ ಕಾಡಂಚಿನ ಜ್ವರದ ರಕ್ತವನ್ನು ‘ಬಿ’ ಚೀಟಿ ಹಚ್ಚಿ ಕಳಿಸಿದರೆ ದಾರಿಯುದ್ದಕ್ಕೂ ಪೆಟ್ಟಿಗೆ ಎತ್ತಿಳಿಸುವ ಹಮಾಲರನ್ನು ಅಪಾಯಕ್ಕೆ ಒಡ್ಡಿದಂತೆ. ‘ಎ’ ವರ್ಗಕ್ಕೆ ಪ್ರಯಾಣಿಕರ ವಿಮಾನದಲ್ಲಿ ಒಂದು ಪೆಟ್ಟಿಗೆಗೆ 50 ಎಂಎಲ್ ಮಿತಿ, ಜೊತೆಗೆ ತರಬೇತಿ ಪಡೆದವರ ಸಹಿಯ ಘೋಷಣಾ ಪತ್ರ. ಆ ತರಬೇತಿಯ ಪ್ರಮಾಣಪತ್ರ ನಡೆಯುವುದು 24 ತಿಂಗಳು. ಮುಗಿದ ತಾರೀಖಿನ ಸಹಿಯಿದ್ದರೆ ಪೆಟ್ಟಿಗೆ ದೇವನಹಳ್ಳಿಯಿಂದಲೇ ವಾಪಸ್ಸು.

ಎರಡೂ ವರ್ಗಕ್ಕೆ ಮೂರು ಪದರ. ಒಳಗೆ ಟ್ಯೂಬು; ಅದರ ಸುತ್ತ, ಎಲ್ಲ ಟ್ಯೂಬೂ ಒಡೆದರೂ ಪೂರ್ತಿ ಹೀರುವಷ್ಟು ಹತ್ತಿ ಅಥವಾ ಹೀರುಕಾಗದ; ಅದನ್ನು ಹೊಂದಿದ ಸೋರದ ಎರಡನೇ ಡಬ್ಬಿ; ಹೊರಗೆ ಗಟ್ಟಿ ಪೆಟ್ಟಿಗೆ. ದ್ರವವಿದ್ದರೆ ಒಳಗಿನದೋ ಎರಡನೆಯದೋ ಒಂದು ಪದರ 95 ಕಿಲೋಪಾಸ್ಕಲ್ ಒತ್ತಡ ತಡೆಯಬೇಕು. ‘ಬಿ’ ಪೆಟ್ಟಿಗೆಯ ಒಂದು ಮುಖವಾದರೂ 10 ಸೆಂಟಿಮೀಟರ್ ಉದ್ದಗಲ ಇರಬೇಕು, ವಜ್ರಾಕಾರದ ಗುರುತಿನ ಬದಿ 5 ಸೆಂಟಿಮೀಟರ್. ಪಟ್ಟಿಯ ಕಾಗದ ಎರಡನೇ ಡಬ್ಬಿಗೂ ಹೊರ ಪೆಟ್ಟಿಗೆಗೂ ನಡುವೆ ಇರಲಿ. ಒಳಗೆ ಸೋರಿದರೂ ಓದಲು ಸಿಗುತ್ತದೆ.

ಡ್ರೈ ಐಸ್ ಮೈನಸ್ 78.5 ಡಿಗ್ರಿ. ಅದರ ಜಾಗ ಎರಡನೇ ಡಬ್ಬಿಯ ಹೊರಗೆ, ಎಂದೂ ಒಳಗಲ್ಲ. ಗಾಳಿಯಾಡದಂತೆ ಮುಚ್ಚಿದರೆ ಅನಿಲ ಉಬ್ಬಿ ಪೆಟ್ಟಿಗೆ ಸಿಡಿಯುತ್ತದೆ, ಥರ್ಮಾಕೋಲ್ ಮುಚ್ಚಳಕ್ಕೆ ಸುತ್ತ ಟೇಪು ಬಿಗಿಯುವ ಕೈಯನ್ನು ತಡೆಯಲೇಬೇಕು. ಪೆಟ್ಟಿಗೆಯ ಗಾತ್ರ ನೋಡಿಕೊಂಡು ದಿನಕ್ಕೆ ಸುಮಾರು 2ರಿಂದ 5 ಕೆಜಿ ಕರಗುತ್ತದೆ. ನಾನು ತಲುಪುವ ಹೊತ್ತಿನ ಮೇಲೆ ಇನ್ನೂ 24 ಗಂಟೆ ಸೇರಿಸಿ ತುಂಬುತ್ತೇನೆ. ಗುಂಡು ಗುಂಡಾದ ಪುಡಿಗಿಂತ ಹಲಗೆ ನಿಧಾನ ಕರಗುತ್ತದೆ. ತಳಕ್ಕೆ ಹಲಗೆ, ಸಂದಿಗೆ ಪುಡಿ. ಇನ್ನೊಂದು ಸೂಕ್ಷ್ಮ: ಮುಚ್ಚಳ ಸಡಿಲವಾದ ಟ್ಯೂಬಿಗೆ ಇಂಗಾಲದ ಡೈ ಆಕ್ಸೈಡ್ ನುಗ್ಗಿ ದ್ರವ ಹುಳಿಯಾಗುತ್ತದೆ, ಬೆಳೆಸಬೇಕಿದ್ದ ವೈರಸ್ ಸಾಯುತ್ತದೆ. ತಿರುಪಿನ ಮುಚ್ಚಳ, ಅದರೊಳಗೆ ರಬ್ಬರ್ ಉಂಗುರ ಇರುವ ಟ್ಯೂಬನ್ನೇ ತೆಗೆದುಕೊಳ್ಳಿ. ಮೈಸೂರಿನಿಂದ ದೇವನಹಳ್ಳಿಗೆ ಸುಮಾರು 180 ಕಿಮೀ. ಎಕ್ಸ್‌ಪ್ರೆಸ್‌ವೇ ಬಂದ ಮೇಲೂ ಬೆಂಗಳೂರು ದಾಟುವುದಕ್ಕೇ ಹೊತ್ತು ಹೋಗುತ್ತದೆ. ಕಾರಿನಲ್ಲಿ ಡ್ರೈ ಐಸ್ ಇದ್ದಷ್ಟು ಹೊತ್ತೂ ಎರಡು ಕಿಟಕಿ ತೆರೆದಿರಲಿ, ಎಸಿಯ ಒಳಗಾಳಿ ಗುಂಡಿ ಬೇಡ. ತಲೆಭಾರ, ಏದುಸಿರು ಬಂದರೆ ಗಾಡಿ ನಿಲ್ಲಿಸಿ ಕೆಳಗಿಳಿಯಿರಿ.

ಕಾಡಂಚು

ಎಚ್.ಡಿ. ಕೋಟೆ, ಬಂಡೀಪುರದ ಕಡೆ ಕೆಲಸ ಬೇರೆ ಥರ. ಮಂಗನ ಕಾಯಿಲೆ 1957ರಲ್ಲಿ ಗುರುತಾದದ್ದು ಸೊರಬದ ಕ್ಯಾಸನೂರು ಕಾಡಿನಲ್ಲಾದರೂ, 2012ರ ಕೊನೆಯಲ್ಲಿ ಬಂಡೀಪುರದಲ್ಲಿ ಕೋತಿಗಳು ಸತ್ತು ಅರಣ್ಯ ಸಿಬ್ಬಂದಿಗೂ ಸೋಂಕು ತಗುಲಿತು. ಉಣ್ಣೆ, ಮಲೆನಾಡಿನವರ ಮಾತಿನಲ್ಲಿ ಉಣುಗು, ಇದನ್ನು ಹರಡುತ್ತದೆ. ಮರಿ ಉಣ್ಣೆಗಳು ಹೆಚ್ಚಿರುವ ನವೆಂಬರ್‌ನಿಂದ ಮೇ ತನಕ ಹೆಚ್ಚು ಎಚ್ಚರ. ಬಿಳಿ ಫ್ಲಾನೆಲ್ ಬಟ್ಟೆಯನ್ನು ಕೋಲಿಗೆ ಕಟ್ಟಿ ತರಗೆಲೆಯ ಮೇಲೆ ಎಳೆದು ಹತ್ತು ಹೆಜ್ಜೆಗೊಮ್ಮೆ ತಿರುವಿ ಚಿಮುಟದಿಂದ ಹೆಕ್ಕುತ್ತೇವೆ. ಇಬ್ಬನಿ ಆರದ ಬೆಳಗ್ಗೆ ಬಟ್ಟೆ ನೆನೆದರೆ ಉಣ್ಣೆ ಹತ್ತುವುದಿಲ್ಲ. ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ, ಉಣ್ಣೆ ಹತ್ತದಂತೆ ತಡೆಯುವ ಡೆಪಾ ಎಣ್ಣೆ ಹಚ್ಚಿ, ಮರಳಿ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸೊಂಟ, ಕಂಕುಳು, ಕಿವಿಯ ಹಿಂಭಾಗ ನೋಡಿಕೊಳ್ಳಬೇಕು. ಕಚ್ಚಿದ ಉಣ್ಣೆಯನ್ನು ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ. ಬೀಡಿ ಬೆಂಕಿ ತಾಗಿಸುವುದು, ಸೀಮೆಎಣ್ಣೆ ಸುರಿಯುವುದು ಬೇಡವೇ ಬೇಡ. ಸತ್ತ ಕೋತಿಯನ್ನು ನಾವು ಮುಟ್ಟುವುದಿಲ್ಲ, ಅರಣ್ಯ ಮತ್ತು ಪಶುವೈದ್ಯ ಇಲಾಖೆಗೆ ಹೇಳಿ ದೂರ ನಿಲ್ಲುತ್ತೇವೆ. ಅದರ ಮೈಯಿಂದ ಹೊರಬಿದ್ದ ಉಣ್ಣೆಗಳು ಸುತ್ತಲೂ ಹಸಿದಿರುತ್ತವೆ.

ಬಾವಲಿಯ ಕೆಲಸಕ್ಕೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಮೊದಲು. ರಂಗನತಿಟ್ಟಿನಲ್ಲಿ ಹಣ್ಣುಬಾವಲಿಗಳ ದೊಡ್ಡ ಗುಂಪಿದೆ, ಆದರೆ ಅದು ಪಕ್ಷಿಧಾಮ, ಗೂಡು ಕಟ್ಟುವ ಕಾಲದಲ್ಲಿ ಅಲ್ಲಿ ಕಾಲಿಡಬಾರದು. ಹಿಡಿಯದೆಯೂ ಮಾದರಿ ಸಿಗುತ್ತದೆ. ಅವು ನೇತಾಡುವ ಮರದ ಕೆಳಗೆ ಬೆಳಗಿನ ಜಾವ ಪ್ಲಾಸ್ಟಿಕ್ ಹಾಳೆ ಹಾಸಿದರೆ, ಅವು ಮೇವಿನಿಂದ ಮರಳಿದ ಮೇಲೆ ಬೀಳುವ ಮೂತ್ರದ ಹನಿಗಳನ್ನು ಬಿಸಿಲೇರುವ ಮುನ್ನ ಪಿಪೆಟ್ಟಿನಲ್ಲಿ ಹೀರಬಹುದು. ಕನ್ನಡಕ, ಎನ್95 ಮಾಸ್ಕ್, ಟೋಪಿ ಇಲ್ಲದೆ ಆ ಮರದ ಕೆಳಗೆ ಯಾರನ್ನೂ ಬಿಡುವುದಿಲ್ಲ. 2018ರಲ್ಲಿ ಕೋಯಿಕ್ಕೋಡ್‌ನಲ್ಲಿ ನಿಪಾ ಬಂದ ಮೇಲೆ ವಯನಾಡಿನ ಗಡಿಗೆ ಅಂಟಿದ ಕೋಟೆ ತಾಲ್ಲೂಕಿನವರಿಗೆ ಈ ಎಚ್ಚರ ಮನದಟ್ಟಾಗಿದೆ.

ಗಡಿ ದಾಟುವಾಗ

ಹೊರದೇಶದ ಜೊತೆ ಸಂಶೋಧನೆಗೆ ನೈತಿಕ ಸಮಿತಿಯ ಒಪ್ಪಿಗೆ, ಕೇಂದ್ರ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಒಪ್ಪಿಗೆ, ಎರಡೂ ಸಂಸ್ಥೆಗಳ ನಡುವೆ ಮಾದರಿ ಹಸ್ತಾಂತರದ ಒಪ್ಪಂದ, ತಲುಪುವ ದೇಶದ ಆಮದು ಪರವಾನಗಿ, ಇವಿಲ್ಲದೆ ಒಂದು ಟ್ಯೂಬೂ ಅಲುಗದು. ಸೊಳ್ಳೆ, ಉಣ್ಣೆಯಂಥವು ಹೊರ ಹೋಗುವುದಾದರೆ 2002ರ ಜೈವಿಕ ವೈವಿಧ್ಯ ಕಾಯ್ದೆಯ ಬಾಗಿಲೂ ಇದೆ. ಇವಕ್ಕೆ ತಿಂಗಳುಗಳೇ ಬೇಕು, ಹಾಗಾಗಿ ಈ ವರ್ಷದ ನಾಟಿಗೆ ಅರ್ಜಿ ಹೋದ ವರ್ಷದ ಕೊಯ್ಲಿನ ಹೊತ್ತಿಗೇ ಹೋಗಿರಬೇಕು. ಸಾಧ್ಯವಾದಷ್ಟು ಕೆಲಸ ಇಲ್ಲೇ ಮುಗಿಸುವುದು ನನ್ನ ಪದ್ಧತಿ: ಆರ್‌ಎನ್‌ಎ ಇಲ್ಲೇ ತೆಗೆದು, ಅದರ ಅಕ್ಷರಗಳ ಅನುಕ್ರಮ ಇಲ್ಲೇ ಓದಿ, ಕಡತವನ್ನಷ್ಟೇ ಕಳಿಸಿದರೆ ಪೆಟ್ಟಿಗೆಯ ತೊಂದರೆಯೂ ಇಲ್ಲ, ಕಲಿತ ವಿದ್ಯೆಯೂ ಇಲ್ಲಿಯ ಹುಡುಗ ಹುಡುಗಿಯರಲ್ಲೇ ಉಳಿಯುತ್ತದೆ.

ಆರ್‌ಎನ್‌ಎ ತೆಗೆದ ಮಾತ್ರಕ್ಕೆ ನಿರುಪದ್ರವಿ ಎಂದುಕೊಳ್ಳಬಾರದು. ಸಾಮಾನ್ಯ ಕಿಟ್‌ನಲ್ಲಿ 140 ಮೈಕ್ರೋಲೀಟರ್ ಮಾದರಿಗೆ 560 ಮೈಕ್ರೋಲೀಟರ್ ಬಫರ್ (ವೈರಸ್ ಒಡೆಯುವ ದ್ರವ), ಆಮೇಲೆ 560 ಎಥೆನಾಲ್. ಎಬೋಲಾ ವೈರಸ್ ಮೇಲಿನ ಪ್ರಯೋಗದಲ್ಲಿ ಬಫರ್ ಒಂದೇ ಸಾಲಲಿಲ್ಲ, ಎಥೆನಾಲ್ ಸೇರಿದ ಮೇಲೇ ವೈರಸ್ ಪೂರ್ತಿ ಸತ್ತಿತು. ಹಾಗಾಗಿ ಎಥೆನಾಲ್ ಹಾಕುವ ತನಕ ಟ್ಯೂಬು ಸುರಕ್ಷಾ ಕ್ಯಾಬಿನೆಟ್ಟಿನಿಂದ ಹೊರಬರಬಾರದು. ಈ ಬಫರಿನಲ್ಲಿ ಗ್ವಾನಿಡಿನ್ ಇದೆ, ಅದರ ಕಸಕ್ಕೆ ಬ್ಲೀಚ್ ಸುರಿದರೆ ವಿಷಾನಿಲ ಬರುತ್ತದೆ. ಎರಡು ಬಕೆಟ್ಟು, ಎರಡು ಬಣ್ಣ, ದೊಡ್ಡ ಅಕ್ಷರದ ಚೀಟಿ ಇರಲಿ. ಉಳಿದ ಕಸಕ್ಕೆ 5 ಶೇಕಡಾ ಬ್ಲೀಚ್ ದ್ರಾವಣ ಒಂದು ಪಾಲು, ನೀರು ನಾಲ್ಕು ಪಾಲು, ದಿನವೂ ಹೊಸದು. ಇನ್ನೊಂದು ತೊಡಕು: ಮಂಗನ ಕಾಯಿಲೆಯ ವೈರಸ್ಸನ್ನು ಅಮೆರಿಕ ಕಟ್ಟುನಿಟ್ಟಿನ ಪಟ್ಟಿಯಲ್ಲಿ ಇಟ್ಟಿದೆ. ಅದರ ಪೂರ್ಣ ಆರ್‌ಎನ್‌ಎಯಿಂದಲೇ ಜೀವಕೋಶದೊಳಗೆ ವೈರಸ್ ಮತ್ತೆ ಹುಟ್ಟಬಲ್ಲದು, ಆದ್ದರಿಂದ ಬರೀ ಆರ್‌ಎನ್‌ಎಗೂ ಆ ನಿಯಮ ತಾಗುತ್ತದೆ.

ಉಗಾಂಡದಂಥ ದೇಶಕ್ಕೆ ನಾವೇ ಹೋಗುವಾಗ ಹಳದಿ ಜ್ವರದ ಲಸಿಕೆ ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲೇ ಆಗಿರಬೇಕು, ಕಾರ್ಡ್ ನಡೆಯುವುದೇ ಆಗಿನಿಂದ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ಸಾಕು, ಆದರೆ ಕಾರ್ಡ್ ಕಳೆದರೆ ಭಾರತಕ್ಕೆ ಮರಳುವಾಗ 6 ದಿನದ ತನಕ ಪ್ರತ್ಯೇಕವಾಗಿ ಇಡುತ್ತಾರೆ. ಬಾವಲಿ, ನಾಯಿಗಳ ಹತ್ತಿರ ಕೆಲಸವಿದ್ದರೆ ರೇಬಿಸ್ ಮುಂಜಾಗ್ರತೆ ಲಸಿಕೆ ಎರಡು ಡೋಸ್, ಏಳು ದಿನದ ಅಂತರದಲ್ಲಿ. ಅನುಕ್ರಮ ಓದುವ ಪುಟ್ಟ ಯಂತ್ರದ ಫ್ಲೋ ಸೆಲ್‌ಗಳನ್ನು (ಓದುವ ಸೂಕ್ಷ್ಮ ರಂಧ್ರಗಳಿರುವ ಬಿಲ್ಲೆ) 2ರಿಂದ 8 ಡಿಗ್ರಿಯಲ್ಲಿ ಒಯ್ಯಬೇಕು. ಹೋಟೆಲ್ಲಿನ ಸಹಾಯಕರು ಉಪಕಾರವೆಂದು ಫ್ರೀಜರಿಗೆ ಹಾಕಿದರೆ ಮುಗಿಯಿತು, ಅದನ್ನು ಕೆಡದಂತೆ ಕರಗಿಸುವ ದಾರಿ ಇಲ್ಲ. ಹೊರಡುವ ಹಿಂದಿನ ದಿನ ಕೆಲಸ ಮಾಡುತ್ತಿರುವ ರಂಧ್ರಗಳನ್ನು ಎಣಿಸಿ. 800ಕ್ಕಿಂತ ಕಡಿಮೆ ಇದ್ದರೆ ಹೊರುವ ಶ್ರಮವೇ ದಂಡ. ಒಣಗಿಸಿ ಪುಡಿಮಾಡಿದ ಪಿಸಿಆರ್ ರಾಸಾಯನಿಕ ಸಿಗುವುದಾದರೆ ಅದನ್ನೇ ಒಯ್ಯಿರಿ, ಐಸಿನ ಚಿಂತೆ ಇಲ್ಲ.

ಸೂಜಿ ಚುಚ್ಚಿದರೆ ಹಿಂಡಬೇಡಿ, ಸೋಪು ನೀರಲ್ಲಿ ತೊಳೆದು ಆ ಕೂಡಲೇ ತಂಡದ ಮುಖ್ಯಸ್ಥರಿಗೆ ಹೇಳಿ. ಎಬೋಲಾ ಇದ್ದ ಜಾಗದಿಂದ ಮರಳಿದವರು 21 ದಿನ, ದಿನಕ್ಕೆ ಎರಡು ಸಲ ಜ್ವರ ಅಳೆದು ಬರೆದಿಡಬೇಕು. ಎಲ್ಲಿ ಹೋಗಿದ್ದೆವು, ಯಾವುದಕ್ಕೆ ಒಡ್ಡಿಕೊಂಡಿದ್ದೆವು ಎಂಬ ಒಂದು ಪುಟ ಪರ್ಸಿನಲ್ಲಿರಲಿ. ರಾತ್ರಿ ಹೊತ್ತು ಮೈಸೂರಿನ ಯಾವ ಆಸ್ಪತ್ರೆಗೆ ಹೋದರೂ ಎದುರಿಗಿರುವ ಡ್ಯೂಟಿ ಡಾಕ್ಟರರಿಗೆ ಮೊದಲು ಅದನ್ನೇ ಕೊಡಬೇಕು.

ಫಲಿತಾಂಶವನ್ನು ಹಳ್ಳಿಗೆ ವಾಪಸ್ಸು ಮುಟ್ಟಿಸುವುದೂ ಇದೇ ಪ್ರಯಾಣದ ಪಟ್ಟಿಯಲ್ಲಿ, ಖರ್ಚಿನ ಸಮೇತ, ಮೊದಲೇ ಬರೆದಿರುತ್ತದೆ. ರೋಗಿಯ ಫಲಿತಾಂಶ ಬಂದ ದಿನವೇ ಫೋನಿನಲ್ಲಿ ವೈದ್ಯಾಧಿಕಾರಿಗೆ. ಊರಿನ ಸೊಳ್ಳೆ ಲೆಕ್ಕ ಕನ್ನಡದಲ್ಲಿ, ಒಂದೇ ಪುಟದಲ್ಲಿ, ಮನೆಗಳ ಹೆಸರಿಲ್ಲದೆ ಆಶಾ ಕಾರ್ಯಕರ್ತೆಯ ಕೈಗೆ. ಅದು ಮುಂದಿನ ಸಲ ನಾಲೆಗೆ ನೀರು ಬಿಡುವ ಮೊದಲು ತಲುಪಿರಬೇಕು. ಆಗ ಇನ್ನೂ ಲಸಿಕೆ ಬಾಕಿ ಇರುವ ಮಕ್ಕಳ ಮನೆಗೆ ಹೋಗಿಬರಲು ಆಕೆಗೆ ಹೊತ್ತಿರುತ್ತದೆ.